ಅಂಬಿಗನಿಲ್ಲದ ಹೊಳೆ

"ಗುರುಗಳೇ, ನಮ್ಮನ್ನು ಬಿಟ್ಟು ದೂರ ಹೋದವರ ಮನಸ್ಸಿನಲ್ಲಿ ನಾವು ಉಳಿದಿದ್ದೇವೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಹೊಳೆಯಲ್ಲಿ ಹರಿಗೋಲು ನಡೆಸುವ ಅಂಬಿಗನೊಬ್ಬನಿದ್ದ. ತೋಳು ಎಷ್ಟು ಗಟ್ಟಿಯೋ ಬಾಯಿ ಅದಕ್ಕಿಂತ ಗಟ್ಟಿ. "ಈ ಹೊಳೆ ನನ್ನನ್ನು ಕೇಳಿಯೇ ಹರಿಯೋದು" ಎನ್ನುವ ಆಸಾಮಿ. ನೀರಿಗಿಳಿದ ಮೇಲೆ ಬಂಡೆಯನ್ನು ಬಂಡೆ ಎನ್ನಬಾರದು, ಸುಳಿಯನ್ನು ಸುಳಿ ಎನ್ನಬಾರದು, ಹಾಗೆ ಅಂದರೆ ಕೇಡು ಎಂಬುದು ಆ ಕಡೆಯ ಅಂಬಿಗರ ಕಟ್ಟಳೆ. ಅದಕ್ಕೆ ಒಬ್ಬೊಬ್ಬನೂ ತನಗೆ ತೋಚಿದ ಹೆಸರಿಟ್ಟುಕೊಳ್ಳುತ್ತಿದ್ದ. ಇವನ ಬಾಯಲ್ಲಿ ನಡುಹೊಳೆಯ ಬಂಡೆ ಎಮ್ಮೆ. ಸುಳಿ ಬೀಸುಕಲ್ಲು. ಆಚೆ ದಡದ ಹತ್ತಿರ ಗೊಣಗುತ್ತ ಹರಿಯುವ ಸೆಳವು ಅತ್ತೆಯವರು.

ಆಚೆ ಊರಿನ ಶಾಲೆಯಲ್ಲಿ ಚಿತ್ರ ಕಲಿಸುವ ಮೇಷ್ಟರು ದಿನವೂ ಇವನ ಹರಿಗೋಲಿನಲ್ಲೇ ದಾಟಬೇಕಿತ್ತು. ಅವರಿಗೆ ನೀರೆಂದರೆ ಜೀವ ಬಾಯಿಗೆ ಬರುತ್ತಿತ್ತು. ಹತ್ತಿದವರೇ ಕಣ್ಣು ಮುಚ್ಚಿ ಅಂಬಿಗನ ಬೆನ್ನಿಗೆ ಆತುಕೊಳ್ಳುವರು. ದಡ ಮುಟ್ಟಿದ ಮೇಲೆಯೇ ಕಣ್ಣು ತೆರೆಯುವರು.

"ಈಗ ಎಲ್ಲಿದ್ದೀವಣ್ಣಾ?"

"ಎಮ್ಮೆ ಹತ್ತಿರ, ಮೇಷ್ಟ್ರೇ. ಮಲಗಿದೆ, ಮೆಲುಕು ಹಾಕ್ತಿದೆ. ಹೆದರಬೇಡಿ, ಒದೆಯೋ ಜಾತಿ ಅಲ್ಲ."

"ಈಗ?"

"ಬೀಸುಕಲ್ಲು ದಾಟಿದ್ವಿ. ಇನ್ನು ಅತ್ತೆಯವರೊಬ್ಬರು ಉಳಿದಿದ್ದಾರೆ. ಉಸಿರೆತ್ತಬೇಡಿ, ದನಿ ಕೇಳಿದರೆ ಇಳಿಸಿಕೊಂಡು ಕೆಲಸಕ್ಕೆ ಹಚ್ಚುತ್ತಾರೆ!"

ಮೇಷ್ಟರು ಕಣ್ಣು ಮುಚ್ಚಿಕೊಂಡೇ ನಗುವರು. ಆ ನಗು ಅಂಬಿಗನಿಗೆ ಬೆನ್ನಿನಲ್ಲಿ ತಿಳಿಯುತ್ತಿತ್ತು.

ಒಂದು ದಿನ ಮೇಷ್ಟರು ಕೆಲಸ ಬಿಟ್ಟು ದೂರದ ಪಟ್ಟಣಕ್ಕೆ ಹೊರಟುಹೋದರು. ಆಮೇಲೆ ಹರಿಗೋಲಿನಲ್ಲಿ ಎಷ್ಟು ಜನ ಕೂತರೂ ಅಂಬಿಗನಿಗೆ ಬೆನ್ನು ಬರಿದಾಗಿಯೇ ಇರುತ್ತಿತ್ತು. ಆಚೆ ದಡದಿಂದ ಯಾರಾದರೂ "ಅಣ್ಣಾ" ಎಂದು ಕೂಗಿದರೆ ತಿನ್ನುತ್ತಿದ್ದ ರೊಟ್ಟಿ ಬಿಟ್ಟು ಎದ್ದು ನಿಲ್ಲುವನು. ಬೇರೆ ಯಾರೋ ಆಗಿರುತ್ತಿದ್ದರು. ಹೀಗೇ ತಲೆ ನರೆಯಿತು.

ಕಡೆಗೆ ಸುದ್ದಿ ಬಂತು. ಮೇಷ್ಟರು ದೊಡ್ಡ ಚಿತ್ರಕಾರರಾಗಿದ್ದರಂತೆ, ತೀರಿಹೋದರಂತೆ. ಅವರ ಚಿತ್ರಗಳಿಗೆಂದೇ ಪಟ್ಟಣದಲ್ಲಿ ಒಂದು ಚಿತ್ರಶಾಲೆ ಕಟ್ಟಿದ್ದಾರಂತೆ, ಬೇರೆ ಯಾರು ಬರೆದ ಚಿತ್ರವೂ ಅಲ್ಲಿಲ್ಲವಂತೆ. ಅಂಬಿಗ ಆ ದಿನವೆಲ್ಲ ಅತ್ತ. ಮರುದಿನ ಮೀಸೆಯ ಮೇಲೆ ಕೈ ಹಾಕಿದ.

"ಅಲ್ಲಿ ನಾನಿರದೆ ಇನ್ಯಾರಿರ್ತಾರೆ? ಬಾಗಿಲಷ್ಟು ದೊಡ್ಡದಾಗಿ ಬರೆದಿರ್ತಾರೆ, ಬೇಕಾದರೆ ಪಂಥ ಕಟ್ಟಿ!"

ಹರಿಗೋಲನ್ನು ದಡದ ಮೇಲೆ ಕವುಚಿದ. ನೋಡಿದವರು ಗುರುತು ಹಿಡಿದರೆ ಮಾನವಾಗಿರಬೇಕಲ್ಲ ಎಂದು ಕ್ಷೌರ ಮಾಡಿಸಿಕೊಂಡು, ಮಡಿ ಪಂಚೆ ಉಟ್ಟು ಹೊರಟ.

ಚಿತ್ರಶಾಲೆಯ ಗೋಡೆಗಳ ತುಂಬ ಹೊಳೆಯೇ. ಒಂದು ಚಿತ್ರದಲ್ಲಿ ಹೊಳೆಗಿಂತ ದೊಡ್ಡದಾದ ಕಪ್ಪು ಎಮ್ಮೆ ಮಲಗಿ ಮೆಲುಕು ಹಾಕುತ್ತಿತ್ತು. "ನಮ್ಮೆಮ್ಮೆ!" ಎಂದು ಅಂಬಿಗ ಗಟ್ಟಿಯಾಗಿ ನಕ್ಕ. ಇನ್ನೊಂದರಲ್ಲಿ ನೀರು ಬೀಸುಕಲ್ಲಿನ ಸುತ್ತ ಹಿಟ್ಟಿನಂತೆ ಉದುರುತ್ತಿತ್ತು. ಮತ್ತೊಂದರಲ್ಲಿ ನೀರಿನ ಅಡಿಯಿಂದ ಮುದುಕಿಯೊಬ್ಬಳು ಎಲೆಅಡಿಕೆಯ ಕೆಂಪು ಬಾಯಿ ತೆರೆದು ಬೈಯುತ್ತಿದ್ದಳು. ನೋಡಲು ಬಂದವರು "ಹೊಳೆಯೊಳಗೆ ಇವೆಲ್ಲ ಎಲ್ಲಿಂದ ಬಂದವಪ್ಪಾ?" ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಅಂಬಿಗನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಹೊಳೆ ಇರುವುದೇ ಹಾಗೆ. ಅವನು ಹುಡುಕುತ್ತಿದ್ದದ್ದು ಹುಟ್ಟು ಹಿಡಿದ ಒಬ್ಬ ಗಂಡಸನ್ನು. ಮೂಲೆಗಳಲ್ಲಿ ನೋಡಿದ. ಎಮ್ಮೆಯ ಮರೆಯಲ್ಲಿ ನೋಡಿದ. ಮತ್ತೆ ಮೊದಲಿನಿಂದ ನೋಡುತ್ತ ಬಂದ.

ಬಾಗಿಲು ಕಾಯುವ ಹೆಂಗಸು ಕೇಳಿದಳು, "ಯಾರನ್ನ ಹುಡುಕ್ತಿದ್ದೀಯಪ್ಪಾ?"

"ಒಬ್ಬ ಅಂಬಿಗ ಇರಬೇಕಿತ್ತಲ್ಲಮ್ಮಾ."

"ಇಲ್ಲಿ ಗಂಡಸರ ಚಿತ್ರ ಒಂದೂ ಇಲ್ಲವಲ್ಲ. ನಿಮ್ಮವನೇನು?"

ಅದು ನಾನೇ ಎನ್ನಲು ಅಂಥ ಬಾಯಿಗೂ ಬಲ ಬರಲಿಲ್ಲ. "ನಮ್ಮವನೇ" ಎಂದಷ್ಟೇ ಹೇಳಿ ಹೊರಗೆ ಬಂದ.

ಊರಿಗೆ ಮರಳಿದಾಗ ದಡದಲ್ಲಿ ಜನ ಕಾದಿದ್ದರು. "ಏನಪ್ಪಾ, ಬಾಗಿಲಷ್ಟು ಬರೆದಿದ್ದಾರೋ, ಕಿಟಕಿಯಷ್ಟೋ?"

"ಹೊಳೆಯನ್ನೆಲ್ಲ ನೆನಪಿಟ್ಟುಕೊಂಡಿದ್ದಾರೆ," ಎಂದ ಅಂಬಿಗ. "ದಾಟಿಸಿದವನನ್ನು ಬಿಟ್ಟರು."

ಅಂದಿನಿಂದ ಅವನು ಮೌನವಾಗಿ ಹುಟ್ಟು ಹಾಕಿದ. ಯಾರಾದರೂ ಹೆದರಿ ಕೇಳಿದರೆ ಬಂಡೆಯ ಬಳಿ "ಬಂಡೆ" ಎಂದ, ಸುಳಿಯ ಬಳಿ "ಸುಳಿ" ಎಂದ. ಬೇರೆ ಅಂಬಿಗರು ಅದನ್ನು ಕೇಳಿ ಗಲ್ಲ ಬಡಿದುಕೊಂಡರು.

ಕತೆ ಅಲ್ಲಿಗೆ ನಿಂತಿತು. ಶಿಷ್ಯನ ಕಣ್ಣು ತುಂಬಿತ್ತು.

"ಪಾಪ, ಅಷ್ಟು ಕಾಲ ದಾಟಿಸಿದವನನ್ನು ಮೇಷ್ಟರು ಮರೆತೇಬಿಟ್ಟರಲ್ಲ, ಗುರುಗಳೇ!"

ಗುರುಗಳು ಹೇಳಿದರು, "ಮರೆತಿದ್ದರೆ ಅವರು ಬಂಡೆಯನ್ನು ಬಂಡೆಯಾಗಿಯೇ ಬರೆಯುತ್ತಿದ್ದರು, ಮಗೂ."