ಕಡಲಿನ ಸೂತಕ

ಹೊಳೆ ಹರಿದು ಕಡಲು ಸೇರುವಲ್ಲಿ ಒಂದು ಆಶ್ರಮವಿತ್ತು. ಆಶ್ರಮವೆಂದರೆ ಹೇಳಿಕೊಳ್ಳುವಂಥದ್ದೇನಲ್ಲ. ಎರಡು ಗುಡಿಸಲು, ಒಂದು ಬಾವಿ, ಒಬ್ಬ ಗುರು, ಒಬ್ಬ ಶಿಷ್ಯ.

ಶಿಷ್ಯನ ಹೆಸರು ವೆಂಕೋಬ. ರಾಯಚೂರಿನ ಕಡೆಯವನು. ಹುಟ್ಟಿ ಬೆಳೆದದ್ದು ಕಡಲಿನ ಸುದ್ದಿಯೇ ಇಲ್ಲದ ಊರಿನಲ್ಲಿ. ಹಣೆಬರಹ ನೋಡಿ, ಓದು ಮುಗಿದ ಮೇಲೆ ಅವನಿಗೆ ಸಿಕ್ಕಿದ್ದು ಕಡಲನ್ನು ಅಳೆಯುವ ಹಡಗಿನಲ್ಲಿ ಕೆಲಸ.

ಹಗ್ಗಕ್ಕೆ ಬಾಟಲಿ ಕಟ್ಟಿ ಆಳಕ್ಕೆ ಇಳಿಸುವುದು, ಅಲ್ಲಿಯ ನೀರು ತುಂಬಿ ಮೇಲೆತ್ತುವುದು, ಅದರಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುವುದು. ಇಷ್ಟೇ ಕೆಲಸ. ವರ್ಷದಿಂದ ವರ್ಷಕ್ಕೆ ಆಮ್ಲಜನಕ ಕಡಿಮೆಯಾಗುತ್ತಲೇ ಬಂತು. ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ಹಡಗು ಬಿಟ್ಟು ಬಂದು ಗುರುಗಳ ಕಾಲಿಗೆ ಬಿದ್ದ. ಎಲ್ಲ ಬಿಟ್ಟವನು ಆ ಹಗ್ಗ, ಬಾಟಲಿ ಮಾತ್ರ ಬಿಡಲಿಲ್ಲ.

ಮಳೆಗಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಅವನು ಮೀನುಗಾರರ ಕೇರಿಯಿಂದ ಮುಖ ಸಣ್ಣದು ಮಾಡಿಕೊಂಡು ಬಂದ. ಗುರುಗಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಹೇಳಿದೆಯಾ?"

"ಹೇಳಿದೆ ರೀ."

"ಯಾರು ಕೇಳಿದರು?"

"ಮೊದಲ ಬಾಳ ಮಂದಿ ಇದ್ರು. ಕಡೀಕ ಒಂದು ನಾಯಿ ಉಳೀತು."

"ನಾಯಿ ಎಂತ ಹೇಳಿತು?"

"ಅದೂ ಎದ್ದು ಹೋತು ರೀ."

ಗುರುಗಳು ನಗಲಿಲ್ಲ. ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು.

ವೆಂಕೋಬ ಬರಿಗೈಯಲ್ಲಿ ಹೋಗಿರಲಿಲ್ಲ. ಮೀನು ಹರಾಜು ಹಾಕುವ ಕಟ್ಟೆಯ ಮೇಲೆ ಸ್ಟವ್ ಹಚ್ಚಿ, ಪಾತ್ರೆಯಲ್ಲಿ ನೀರು ಕಾಯಿಸಿ ತೋರಿಸಿದ್ದ.

"ಇಲ್ಲಿ ನೋಡ್ರಿ, ಇನ್ನೂ ಕುದಿ ಬಂದಿಲ್ಲ, ಆಗಲೇ ಸಣ್ಣ ಗುಳ್ಳಿ ಎದ್ದು ಹೊಂಟಾವು. ನೀರು ಬಿಸಿ ಆದ್ರ ಅದರಾಗ ಗಾಳಿ ನಿಲ್ಲೂದಿಲ್ಲ. ಕಡಲೂ ಬಿಸಿ ಆಗಲಿಕ್ಕತ್ತೈತಿ. ಮ್ಯಾಲಿನ ಬಿಸಿನೀರು ತಣ್ಣೀರಿನ ಮ್ಯಾಲ ಮುಚ್ಚಳ ಹಾಕಿದಂಗ ಕುಂತೈತಿ. ಗಾಳಿ ಕೆಳಗ ಇಳೀವಲ್ದು. ತಳದಾಗ ಇರೋ ಜೀವಕ್ಕ ಉಸಿರು ಸಾಲವಲ್ದು."

ಜನ ಬೊಮ್ಮಯ್ಯನ ಮುಖ ನೋಡಿದರು. ಬೊಮ್ಮಯ್ಯ ದೊಡ್ಡ ದೋಣಿಯ ತಾಂಡೇಲ. ದೋಣಿ ಯಾವಾಗ ಇಳಿಸಬೇಕು, ಯಾವ ದಿಕ್ಕಿಗೆ ತಿರುಗಿಸಬೇಕು ಎಂದು ಹೇಳುವವನು. ಕೇರಿ ಅವನ ಮಾತು ಮೀರುವುದಿಲ್ಲ.

ಬೊಮ್ಮಯ್ಯ ಪಾತ್ರೆಯೊಳಗೆ ಬಗ್ಗಿ ನೋಡಿದ.

"ನೀರು ಚಲೋ ಕಾದದೆ. ಚಾಪುಡಿ ತಂದಿದ್ಯಾ ಮಾರಾಯ?"

ಕಟ್ಟೆಯ ತುಂಬ ನಗೆ.

"ಇಷ್ಟು ಗಾಳಿ ಬೀಸ್ತದೆ, ಇಷ್ಟು ತೆರೆ ಏಳ್ತದೆ," ಎಂದ ಬೊಮ್ಮಯ್ಯ. "ಆದ್ರೂ ಕಡಲಿಗೆ ಗಾಳಿ ಸಾಲೂದಿಲ್ವಂತೆ. ಅಂದ್ರೆ ಕಡಲಿಗೆ ದಮ್ಮು ಅಂತಾಯ್ತು."

ಆವತ್ತಿನಿಂದ ಕೇರಿಯಲ್ಲಿ ವೆಂಕೋಬನಿಗೆ ದಮ್ಮಿನ ಸ್ವಾಮಿ ಎಂದು ಹೆಸರು ಬಿತ್ತು. ಅಡ್ಡಹೆಸರು ಇಡುವುದರಲ್ಲಿ ಆ ಕೇರಿಯವರನ್ನು ಮೀರಿಸುವವರಿಲ್ಲ.

ಇದನ್ನೆಲ್ಲ ಹೇಳಿ ಮುಗಿಸಿ ವೆಂಕೋಬ ಕೇಳಿದ. "ಇಷ್ಟು ಸರಳ ಮಾತು ಅವರಿಗ್ಯಾಕ ತಿಳೀವಲ್ದು ಗುರುಗಳೇ?"

"ನಿನಗೆ ಹೇಗೆ ತಿಳಿಯಿತು?"

"ಬಾಟಲಿ ನೀರು ನೋಡಿ ತಿಳೀತು ರೀ."

"ಅದು ಬಾಟಲಿಗೆ ತಿಳಿದದ್ದು," ಎಂದರು ಗುರುಗಳು. "ನಿನಗೆ?"

ವೆಂಕೋಬನಿಗೆ ಅರ್ಥವಾಗಲಿಲ್ಲ. ಗುರುಗಳು ಅಕ್ಕಿ ಕೇರತೊಡಗಿದರು.

ಮಳೆ ಪೂರ್ತಿ ನಿಂತಿತು. ಒಂದು ಬೆಳಿಗ್ಗೆ ದಂಡೆಯ ಕಡೆಯಿಂದ ಕೂಗಾಟ ಕೇಳಿತು. ವೆಂಕೋಬ ಓಡಿ ಹೋಗಿ ನೋಡಿದರೆ ಮೊಣಕಾಲುದ್ದದ ನೀರಿನಲ್ಲಿ ಮೀನು ಕಿಕ್ಕಿರಿದಿತ್ತು. ಬಂಗಡೆ, ಸಿಗಡಿ, ತಳದ ಕೆಸರು ಬಿಟ್ಟು ಮೇಲೇಳದ ಮೀನುಗಳು ಕೂಡ. ಗಂಡಸರು ಹೆಂಗಸರು ಸೇರಿ ಬಲೆಯ ಹಗ್ಗ ಎಳೆಯುತ್ತಿದ್ದರು. ಮಕ್ಕಳು ಬುಟ್ಟಿಯಲ್ಲೇ ಗೋರುತ್ತಿದ್ದರು. ಇಡೀ ಕೇರಿ ನೀರಿನಲ್ಲಿತ್ತು.

"ಇವು ತಾವಾಗಿ ಬಂದಿಲ್ರಿ," ಎಂದು ವೆಂಕೋಬ ಕೂಗಿದ. "ಕೆಳಗ ಉಸಿರಾಡ್ಲಿಕ್ಕ ಆಗದ ಓಡಿ ಬಂದಾವು."

ಹಗ್ಗ ಹಿಡಿದಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. "ಮನೆಗೆ ಬಂದ ಲಕ್ಷ್ಮಿಗೆ ಅಪಶಕುನ ನುಡೀಬೇಡ ಸ್ವಾಮಿ. ಬದಿಗೆ ನಿಲ್ಲು."

ಯಾರೋ ಅವನ ರಟ್ಟೆ ಹಿಡಿದು, ಮರ್ಯಾದೆಯಿಂದಲೇ ಕರೆದುಕೊಂಡು ಹೋಗಿ ಒಣ ಮರಳಿನ ಮೇಲೆ ಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎಲ್ಲರೂ ಸೇರಿ ಒಂದೇ ಹಗ್ಗ ಎಳೆಯುತ್ತಿದ್ದರು, ಅವನೊಬ್ಬ ಆಚೆ ನಿಂತಿದ್ದ. ತನ್ನ ಊರಿನಲ್ಲೂ, ಹಡಗಿನಲ್ಲೂ ಅವನಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಅಲ್ಲೇ ಕೂತು ಅತ್ತುಬಿಡೋಣ ಎನ್ನಿಸಿತು. ನೋಡಲು ಯಾರೂ ಇಲ್ಲದ್ದರಿಂದ ಅದೂ ಆಗಲಿಲ್ಲ.

ಸಂಜೆ ಬೊಮ್ಮಯ್ಯ ಆಶ್ರಮಕ್ಕೆ ಒಂದು ಚಿಪ್ಪು ಬಾಳೆಹಣ್ಣು ಕಳಿಸಿದ. ಜೊತೆಗೊಂದು ಮಾತು. ಕಡಲಿನ ದಮ್ಮು ವಾಸಿಯಾಯ್ತು ಅಂತ ಸ್ವಾಮಿಗೆ ಹೇಳಿ.

"ಇನ್ನೊಂದು ಸಲ ನೋಡ್ತೀನ್ರಿ," ಎಂದ ವೆಂಕೋಬ. "ಆಗ್ಲೂ ನಂಬದಿದ್ರ ನಮ್ಮೂರಿಗೆ ಹೊಂಟ್ಹೋಗ್ತೀನಿ. ಅಲ್ಲಿ ಕಡಲೂ ಇಲ್ಲ, ಈ ತಾಪತ್ರಯನೂ ಇಲ್ಲ."

"ಹಣ್ಣು ಸಿಹಿ ಉಂಟು," ಎಂದರು ಗುರುಗಳು. "ತಗೋ."

ಅವನು ತೆಗೆದುಕೊಳ್ಳಲಿಲ್ಲ.

ಮುಂದೆ ದಿನಾ ಬೆಳಿಗ್ಗೆ ಒಬ್ಬನೇ ಸಣ್ಣ ದೋಣಿ ತೆಗೆದುಕೊಂಡು ಹೋಗುತ್ತಿದ್ದ. ಬಾಟಲಿ ಇಳಿಸುತ್ತಿದ್ದ, ಎತ್ತುತ್ತಿದ್ದ. ಆಮ್ಲಜನಕ ಇಳಿಯುತ್ತಲೇ ಇತ್ತು. ವಾಪಸು ಬಂದು ದಂಡೆಯಲ್ಲಿ ಕೂತು ಕಾಯುತ್ತಿದ್ದ. ಏನಕ್ಕೆ ಕಾಯುತ್ತಿದ್ದೇನೆ ಎಂದು ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಅದು ಬಂತು. ಇಳಿತದ ನೀರು ಹಿಂದೆ ಸರಿದಾಗ ದಂಡೆಯುದ್ದಕ್ಕೂ ಸಾವು ಬಿದ್ದಿತ್ತು. ಏಡಿಗಳು, ಸಿಗಡಿಗಳು, ಬಾಯಿ ತೆರೆದ ತಳದ ಮೀನುಗಳು.

ವೆಂಕೋಬ ಒಂದೇ ಉಸಿರಿಗೆ ಆಶ್ರಮಕ್ಕೆ ಓಡಿದ.

"ಗುರುಗಳೇ, ನಾ ಹೇಳಿದ್ದ ಆತು ರೀ. ದಂಡಿ ತುಂಬ ಸತ್ತು ಬಿದ್ದಾವು. ಇನ್ನ ಯಾರು ನಗ್ತಾರ ನೋಡೋಣ."

ಗುರುಗಳು ಒಲೆಗೆ ಕಟ್ಟಿಗೆ ಹೊಂದಿಸುತ್ತಿದ್ದರು. ಕೈಯಲ್ಲಿದ್ದ ಕಟ್ಟಿಗೆ ಕೆಳಗಿಟ್ಟು ಎದ್ದರು. ಬಾವಿಗೆ ಹೋಗಿ ನೀರು ಸೇದಿದರು. ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ಸುರಿದುಕೊಂಡರು. ಮತ್ತೆ ಸೇದಿದರು, ಮತ್ತೆ ಸುರಿದುಕೊಂಡರು.

"ನಿಮ್ಮ ಸ್ನಾನ ಮುಂಜಾನೆನೇ ಆಗಿತ್ತಲ್ರೀ," ಎಂದ ವೆಂಕೋಬ.

"ಆಗಿತ್ತು."

"ಮತ್ತ?"

"ಸಾವಿನ ಸುದ್ದಿ ಕೇಳಿದೆನಲ್ಲ."

ಆ ದಂಡೆಯಲ್ಲಿ ಹಾಗೇ ರೂಢಿ. ನೆಂಟರು ಸತ್ತ ಸುದ್ದಿ ಕಿವಿಗೆ ಬಿದ್ದರೆ, ಇದ್ದ ಕೆಲಸ ಇದ್ದಲ್ಲೇ ಬಿಟ್ಟು ತಲೆಗೆ ನೀರು ಹಾಕಿಕೊಳ್ಳಬೇಕು. ಆ ದಿನ ಒಲೆ ಉರಿಯುವುದಿಲ್ಲ.

ವೆಂಕೋಬನಿಗೆ ಆಗ ತನ್ನ ಮುಖದ ಮೇಲೆ ಏನೋ ಅಂಟಿಕೊಂಡಿದೆ ಎನ್ನಿಸಿತು. ಅದು ನಗು. ದಂಡೆಯಿಂದ ಇಲ್ಲಿಯವರೆಗೆ ಅದನ್ನು ಹೊತ್ತುಕೊಂಡೇ ಬಂದಿದ್ದ.

"ನಾ ನಗತಿದ್ನೇನ್ರಿ?"

"ಮದುವೆಗೆ ಕರೆಯಲು ಬಂದವನ ಹಾಗೆ ಇದ್ದೆ."

ಅವನು ತಲೆ ತಗ್ಗಿಸಿದ. ಗುರುಗಳು ಕೊಡಪಾನವನ್ನು ಬಾವಿಕಟ್ಟೆಯ ಮೇಲಿಟ್ಟು ಬಂದು ಒದ್ದೆ ಬಟ್ಟೆಯಲ್ಲೇ ಜಗಲಿಯಲ್ಲಿ ಕೂತರು. ಏನಾದರೂ ಸೇವೆ ಮಾಡಬೇಕಲ್ಲ ಎಂದು ವೆಂಕೋಬ ಕೊಡಪಾನ ಒರೆಸಿ ಒಳಗಿಟ್ಟ. ಗುರುಗಳು ಅದನ್ನು ನೋಡಿದರು.

"ಈಗ ನಾ ಏನು ಮಾಡ್ಲಿ ಗುರುಗಳೇ?"

"ಸಾವಾದರೆ ನೆಂಟರ ಮನೆಗೆ ಹೇಳಿ ಬರಬೇಕು."

"ಕಡಲಿನ ನೆಂಟರು ಯಾರ್ರಿ?"

"ಕೇರಿ ತುಂಬ ಇದ್ದಾರೆ."

ಸಾವು ಹೇಳಲು ಹೋದವನು ಅಂಗಳದಲ್ಲೇ ನಿಲ್ಲಬೇಕು. ಜಗಲಿ ಹತ್ತಬಾರದು, ನೀರು ಕೇಳಬಾರದು. ಒಂದು ಸಲ ಹೇಳಿ ಮುಂದಿನ ಮನೆಗೆ ನಡೆಯಬೇಕು. ವಾದವಂತೂ ಇಲ್ಲವೇ ಇಲ್ಲ. ಇಂಥವರು ತೀರಿಕೊಂಡರು ಎಂದರೆ, ಸಾಬೀತು ಮಾಡು ಎಂದು ಯಾರೂ ಕೇಳುವುದಿಲ್ಲ.

ವೆಂಕೋಬ ಹಾಗೆಯೇ ಮಾಡಿದ. ಸ್ಟವ್ ಒಯ್ಯಲಿಲ್ಲ, ಬಾಟಲಿ ಒಯ್ಯಲಿಲ್ಲ. ಅಂಗಳ ಅಂಗಳದಲ್ಲಿ ನಿಂತು ಹೇಳಿದ. "ಕಡಲಾಗ ಸಾವಾಗೈತಿ."

"ಮಳೆ ಬಿಟ್ಟ ಮೇಲೆ ಒಮ್ಮೊಮ್ಮೆ ಹೀಂಗಾಗ್ತದೆ," ಎಂದರು ಒಂದು ಮನೆಯಲ್ಲಿ. "ನಮ್ಮಜ್ಜನ ಕಾಲದಲ್ಲೂ ಆಗಿತ್ತು."

ಇನ್ನೊಂದು ಮನೆಯವರಿಗೆ ಇದು ಹುಣ್ಣಿಮೆಯ ಸೆಳೆತ. ಮತ್ತೊಂದು ಮನೆಯವರು ಯಾರೋ ಹೊಳೆಗೆ ವಿಷ ಬಿಟ್ಟಿರಬೇಕು ಎಂದರು. ಒಬ್ಬ ಬಾಗಿಲನ್ನೇ ತೆರೆಯಲಿಲ್ಲ.

ಅಜ್ಜನ ಕಾಲದ ಮಾತು ಸುಳ್ಳಲ್ಲ ಎಂದು ವೆಂಕೋಬನಿಗೂ ಗೊತ್ತಿತ್ತು. ಆಗಲೂ ಆಗುತ್ತಿತ್ತು, ಈಗ ಹೆಚ್ಚಾಗುತ್ತಿದೆ ಎಂಬುದೇ ಅವನ ಸಂಕಟ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು ಮುಂದಿನ ಮನೆಗೆ ನಡೆದ.

ಕೊನೆಯ ಮನೆ ಬೊಮ್ಮಯ್ಯನದು. ಅವನು ಅಂಗಳದಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದ.

"ಬೊಮ್ಮಯ್ಯಣ್ಣ, ಕಡಲಾಗ ಸಾವಾಗೈತಿ."

ಬೊಮ್ಮಯ್ಯ ಈ ಸಲ ನಗಲಿಲ್ಲ. ತಲೆಯೆತ್ತಿ ವೆಂಕೋಬನನ್ನು ನೋಡಿದ. ಮುಖ ನೋಡಿದ, ಆಮೇಲೆ ಕೂದಲು ನೋಡಿದ.

"ನಮ್ಮಪ್ಪ ಸತ್ತಾಗ ಊರೂರಿಗೆ ಸುದ್ದಿ ಹೇಳಲಿಕ್ಕೆ ಇಬ್ಬರು ಹೋಗಿದ್ರು," ಎಂದ. "ಒಬ್ಬವ ನಮ್ಮ ದೊಡ್ಡಪ್ಪನ ಮಗ. ಇನ್ನೊಬ್ಬವ ಕೂಲಿಗೆ ಕರೆದವ. ಹೇಳಿದ್ದು ಇಬ್ಬರೂ ಒಂದೇ ಮಾತು. ನೆಂಟ ಯಾರು, ಕೂಲಿಯವ ಯಾರು ಅಂತ ಜನಕ್ಕೆ ಹೇಗೆ ಗೊತ್ತಾಯ್ತು ಹೇಳು?"

"ಹೆಂಗ್ರಿ?" ಎಂದ ವೆಂಕೋಬ.

"ನೆಂಟ ಮಿಂದು ಬಂದಿರ್ತಾನೆ. ಕೂಲಿಯವನಿಗೆ ಸೂತಕ ಇಲ್ಲ, ಅವ ಯಾಕೆ ಮೀಯ್ತಾನೆ?" ಬೊಮ್ಮಯ್ಯ ಹಲ್ಲಿನಿಂದ ದಾರ ಕಡಿದ. "ನೀ ಹೇಳೂದು ಸುಳ್ಳು ಅಂತ ನಾ ಹೇಳೂದಿಲ್ಲ. ನಂಗೆ ಗೊತ್ತಿಲ್ಲ. ಆದ್ರೆ ನಿನ್ನ ತಲೆ ಒಣಗೇ ಉಂಟಲ್ಲ ಮಾರಾಯ."

ವೆಂಕೋಬನ ಕೈ ತಾನಾಗಿ ತಲೆಗೆ ಹೋಯಿತು. ಕೂದಲು ಬಿಸಿಲಿಗೆ ಕಾದು ಒರಟಾಗಿತ್ತು.

ಅವನು ದಂಡೆಯ ಮೇಲೆಯೇ ನಡೆದು ಬಂದ. ಹೊತ್ತು ಇಳಿಯುತ್ತಿತ್ತು. ಹೆಜ್ಜೆ ಇಡಲು ಜಾಗವಿಲ್ಲದಂತೆ ಏಡಿಗಳು ಬಿದ್ದಿದ್ದವು. ಒಂದರ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅಂಗೈಗೆ ಎತ್ತಿಕೊಂಡ. ಬಾಯಿಯ ಬಳಿ ನೊರೆ ಇನ್ನೂ ಆರಿರಲಿಲ್ಲ.

ಇಷ್ಟು ವರ್ಷ ಅದೇ ಆಳಕ್ಕೆ ಬಾಟಲಿ ಇಳಿಸಿದ್ದ. ಮೇಲೆತ್ತಿದ ನೀರಿನಲ್ಲಿ ಎಷ್ಟಿದೆ ಎಂದು ನೋಡಿದ್ದ. ಅದನ್ನು ಉಸಿರಾಡಿಕೊಂಡು ಕೆಳಗೆ ಯಾರಿದ್ದಾರೆ ಎಂದು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಮೊದಲ ಸಲ ಅವನಿಗೆ ಅಳು ಬಂತು. ನೋಡಲು ಯಾರೂ ಇರಲಿಲ್ಲ, ಆದರೂ ಬಂತು.

ಆಶ್ರಮದಲ್ಲಿ ಒಲೆ ಉರಿದಿರಲಿಲ್ಲ. ವೆಂಕೋಬ ಬಿಟ್ಟುಹೋದಲ್ಲೇ ಗುರುಗಳು ಜಗಲಿಯಲ್ಲಿ ಕೂತಿದ್ದರು. ಬಟ್ಟೆ ಮೈಮೇಲೆಯೇ ಒಣಗಿತ್ತು. ಅವನು ಒಳಗಿಟ್ಟಿದ್ದ ಕೊಡಪಾನ ಮತ್ತೆ ಬಾವಿಕಟ್ಟೆಯ ಮೇಲಿತ್ತು.

"ಎಲ್ಲಾ ಮನಿಗೂ ಹೇಳಿ ಬಂದೆ ರೀ," ಎಂದ ವೆಂಕೋಬ. "ಯಾರೂ ಮೀಯಲಿಲ್ಲ."

ವೆಂಕೋಬ ಅಂಗಳದಲ್ಲೇ ನಿಂತಿದ್ದ. ಜಗಲಿ ಹತ್ತಲು ಕಾಲು ಬರಲಿಲ್ಲ.

"ನಾನೂ ಮಿಂದಿಲ್ರಿ," ಎಂದ.

"ಬೆಳಗಿನಿಂದ ಈ ಮನೆಯಲ್ಲಿ ಒಬ್ಬನೇ ಸೂತಕ ಹಿಡಿದು ಕೂತಿದ್ದೇನೆ, ವೆಂಕೋಬ," ಎಂದರು ಗುರುಗಳು. "ಬಾವಿಯಲ್ಲಿ ನೀರು ಉಂಟು."