ತೊಟ್ಟಿಯ ಮೂಲೆಯ ಲೋಳೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಸಾಮಾನು ನೋಡಿಕೊಳ್ಳುತ್ತಿದ್ದ ಪುಟ್ಟಗೌರಮ್ಮ. ನಾವು ಸರಿಯಾಗಿ ತೊಳೆಯದೆ ಇಟ್ಟ ಪ್ರತಿ ಬಟ್ಟಲಿಗೂ ಒಂದು ಸಲ ಹೇಳುತ್ತಿದ್ದರು. ಹಾಗಾಗಿ ಬಾಯಿಪಾಠ ಆಗಿದೆ.

ಒಂದು ಆಲೆಮನೆ. ಅಲ್ಲಿ ಬೆಲ್ಲದ ಹದ ನೋಡುವವನು ಬೋರಯ್ಯ ಎಂಬ ಮುದುಕ. ಕುದಿಯುವ ಪಾಕದ ಗುಳ್ಳೆ ನೋಡಿಯೇ ಇಳಿಸುವ ಗಳಿಗೆ ಹೇಳುತ್ತಿದ್ದ. ಕಬ್ಬಿನ ರಸಕ್ಕೆ ಅಲ್ಲಿ ಹಾಲು ಅನ್ನುತ್ತಾರೆ. ಗಾಣದಿಂದ ಹಾಲು ಬಂದು ನಿಲ್ಲುವ ತೊಟ್ಟಿಯನ್ನು ತೊಳೆಯುವ ಕೆಲಸ ಚಿಕ್ಕತಾಯಿಯದು.

ಒಮ್ಮೆ ಗಾಣದ ಬೆಲ್ಟು ಹರಿದು ಎರಡು ದಿನ ಕೆಲಸ ನಿಂತಿತು. "ತೊಟ್ಟೀನ ಸುಣ್ಣ ಹಾಕಿ, ತೆಂಗಿನ ನಾರಲ್ಲಿ ಉಜ್ಜವ್ವ" ಎಂದು ಬೋರಯ್ಯ ಹೇಳಿದ್ದ. ಚಿಕ್ಕತಾಯಿಗೆ ತಂಗಿಯ ಮಗುವಿನ ನಾಮಕರಣಕ್ಕೆ ಬಸ್ಸು ಹಿಡಿಯುವ ಅವಸರ. ಎರಡು ಕೊಡ ನೀರು ಸುರಿದು ಹೊರಟಳು. ನೀರು ಬಿದ್ದರೆ ತೊಳೆದಂತೆಯೇ ಎಂಬ ನಂಬಿಕೆ ನಮಗೂ ಹೊಸದಲ್ಲ.

ಮೂಲೆಯಲ್ಲಿ ಉಳಿದ ಒಂದಿಷ್ಟು ಸಿಹಿ ಸಾಕಾಯಿತು. ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿಂದವು. ತಿಂದು, ಸಕ್ಕರೆಯನ್ನೇ ಎಳೆ ಎಳೆಯಾಗಿ ಹೆಣೆದು ತಮ್ಮ ಮೈಯ ಹೊರಗೆ ಲೋಳೆಯ ಮನೆ ಕಟ್ಟಿಕೊಂಡವು. ಆಮೇಲೆ ನೀರು ಸುರಿದರೆ ಅವಕ್ಕೆ ಹೊರಗೆ ಮಳೆ ಬಂದಷ್ಟೇ.

ಗಾಣ ಮತ್ತೆ ತಿರುಗಿತು. ತೊಟ್ಟಿಗೆ ಬಂದ ಹೊಸ ಹಾಲಿಗೂ ಲೋಳೆ ಸೇರಿತು, ಮೊದಲ ದಿನದ ಬೆಲ್ಲ ಗಟ್ಟಿಯಾಗಲಿಲ್ಲ. ಚಿಕ್ಕತಾಯಿಗೆ ಅನುಮಾನ ಬಂತು. ಇನ್ನೆರಡು ಕೊಡ ಸುರಿದು ಸುಮ್ಮನಾದಳು. ಮಾರನೆಯ ದಿನದ್ದೂ ಅಚ್ಚಿನಲ್ಲಿ ಅಂಟಂಟಾಗಿ ಕೂತಿತು.

ಮೂರನೆಯ ಬೆಳಿಗ್ಗೆ ಯಜಮಾನ ತಮ್ಮೇಗೌಡ ಬೆರಳಲ್ಲಿ ಒತ್ತಿ ನೋಡಿದ. "ಬೋರಣ್ಣ, ಇದೇನು ಬೆಲ್ಲವೋ ಹಲ್ವವೋ? ನಿಮ್ಮ ಕಣ್ಣು ಮಂಜಾಯ್ತು ಅಂತ ಕಾಣ್ತದೆ. ಇವತ್ತೂ ಹಿಂಗೇ ಆದ್ರೆ ನಾಳೆಯಿಂದ ಬೇರೆಯವರು ಬತ್ತಾರೆ. ಬೇಜಾರ್ ಮಾಡ್ಕಬೇಡಿ."

ಬೋರಯ್ಯ ಅಂಗೈಯನ್ನು ಕಣ್ಣಿನ ಹತ್ತಿರ ತಂದು, ದೂರ ಒಯ್ದು, ನೋಡಿಕೊಂಡ.

ಅದನ್ನು ಕಂಡು ಚಿಕ್ಕತಾಯಿ ತೊಟ್ಟಿಗೆ ಕೈ ಅದ್ದಿ ಎತ್ತಿದಳು. ಹಾಲು ಹನಿಯಾಗಿ ಬೀಳದೆ ನೂಲಿನ ಹಾಗೆ ಜೋತುಬಿತ್ತು. ಹೇಳಿದರೆ ತನ್ನ ಕೆಲಸ ಹೋದೀತು. ಹೇಳದಿದ್ದರೆ ಮುದುಕನ ಕಣ್ಣೇ ಹೋದಂತೆ. 'ಸಂಜೆ ಯಾರಿಗೂ ತಿಳೀದಂಗೆ ಉಜ್ಜಿಬಿಡ್ತೀನಿ' ಅಂದುಕೊಂಡಳು. ಆದರೆ ಈ ಹಾಲು ಈಗಲೇ ಕೊಪ್ಪರಿಗೆಗೆ ಹೋಗುತ್ತದಲ್ಲ! ಸಂಜೆಯ ಹೊತ್ತಿಗೆ ಬೋರಯ್ಯನ ಕಥೆ ಮುಗಿದಿರುತ್ತದೆ.

ಅತ್ತ ಬೋರಯ್ಯ ಬೆಂಡೆ ಗಿಡ ಜಜ್ಜಿ ನೀರಿಗೆ ಹಿಂಡುತ್ತಿದ್ದ. ಅದೂ ಲೋಳೆಯೇ, ಗಿಡ ತನಗಾಗಿ ಮಾಡಿಕೊಂಡದ್ದು. ಕುದಿಯುವ ಹಾಲಿಗೆ ಹಾಕಿದರೆ ಕಸವನ್ನೆಲ್ಲ ಹಿಡಿದು ಮೇಲಕ್ಕೆ ತರುತ್ತದೆ.

"ಇವತ್ತು ಎರಡು ಹಿಡಿ ಜಾಸ್ತಿ ಹಾಕ್ತೀನಿ ಕಣವ್ವ" ಎಂದ ಅವನು. "ಕಸ ಮ್ಯಾಲಕ್ಕೆ ಬಂದ್ರೆ ತಾನೆ ತೆಗೆಯಾಕಾಗೋದು?"

ತಮ್ಮೇಗೌಡ ಹಾಲು ಬಿಡಲು ತೊಟ್ಟಿಯ ಕಡೆ ಬಗ್ಗಿದ.

"ಬಿಡಬೇಡಿ ಗೌಡ್ರೆ!" ಚಿಕ್ಕತಾಯಿ ಅಡ್ಡ ನಿಂತಳು. "ನಾನು ತೊಟ್ಟಿ ಉಜ್ಜಿಲ್ಲ. ಅವತ್ತೂ ಉಜ್ಜಿಲ್ಲ, ಆಮೇಲೂ ಉಜ್ಜಿಲ್ಲ. ಬೋರಣ್ಣನ ಕಣ್ಣು ಸರಿಯಾಗೇ ಅದೆ."

"ಮೂರು ದಿನದಿಂದ ಬಾಯಲ್ಲಿ ಏನಿತ್ತು, ಕಡುಬಾ?" ಎಂದು ತಮ್ಮೇಗೌಡ ಕೂಗಾಡಿದ. ತೊಟ್ಟಿಯ ಹಾಲೆಲ್ಲ ಚರಂಡಿ ಸೇರಿತು. ಚಿಕ್ಕತಾಯಿ ಸುಣ್ಣ ಹಾಕಿ, ಬೆರಳು ಸುಲಿಯುವವರೆಗೆ ಉಜ್ಜಿದಳು.

ಸಂಜೆ ಹೊಸ ಬೆಲ್ಲದ ಅಚ್ಚು ಕವುಚಿದರು. ಬೋರಯ್ಯ ಒಂದು ಉಂಡೆ ಒಡೆದ. ಟಕ್ಕೆಂದಿತು. ಮೊದಲ ಚೂರನ್ನು ಚಿಕ್ಕತಾಯಿಯ ಕೈಗಿಟ್ಟ. ಅವಳು ತಲೆ ತಗ್ಗಿಸಿದಳು.

"ತಿನ್ನವ್ವ. ಎರಡು ದಿನ ನನ್ನ ಕಣ್ಣು ನಿನ್ನ ಹತ್ರ ಇತ್ತು. ವಾಪಸ್ ಕೊಟ್ಟೆಯಲ್ಲ, ಸಾಕು."

ನೀತಿ: ಮುಚ್ಚಿಟ್ಟ ತಪ್ಪು ತನ್ನ ಸುತ್ತ ತಾನೇ ಲೋಳೆ ಕಟ್ಟಿಕೊಳ್ಳುತ್ತದೆ, ನೆಪದ ನೀರು ಎಷ್ಟು ಸುರಿದರೂ ಹೋಗದು. ಅದು ಇನ್ನೊಬ್ಬರ ಬೆಲ್ಲ ಕೆಡಿಸುವ ಮುನ್ನ ಮೇಲಕ್ಕೆ ತಂದುಬಿಡಿ.

ಇದನ್ನು ಹನ್ನೊಂದು ಜನಕ್ಕೆ ಕಳಿಸಿದರೆ ಸಂಜೆಯೊಳಗೆ ಶುಭವಾರ್ತೆ ಬರುತ್ತದೆಂದು ನಾನು ಹೇಳುವುದಿಲ್ಲ. ಒಬ್ಬರಿಗೆ ಹೇಳಿ, ಸಾಕು. ನಿಮ್ಮ ತಪ್ಪಿಗೆ ಬೈಸಿಕೊಳ್ಳುತ್ತಿರುವವರು ಯಾರಾದರೂ ಇದ್ದರೆ, ಮೊದಲು ಅವರಿಗೆ.