ಶಿರಸ್ತೇದಾರರ ಮಸ್ಕತ್ ಸೋಪು

ನಮ್ಮ ಬೀದಿಯ ಕ್ಷೌರದಂಗಡಿ ಮಾದಯ್ಯನ ಕೈ ಬಲು ಹಗುರ. ಅಂಥವನ ಮುಂದೆ ಒಂದು ಬೆಳಿಗ್ಗೆ ನಿವೃತ್ತ ಶಿರಸ್ತೇದಾರ ಸೇತುರಾಯರು ಕೆಂಪಗೆ ದದ್ದೆದ್ದ ಕೆನ್ನೆ ಹೊತ್ತು ಬಂದು ಗುಡುಗಿದರು.

“ನಿನ್ನ ಕತ್ತಿ ಗಲೀಜು ಕಣಯ್ಯಾ! ತುರಿಕೆ ತಡೆಯೋಕಾಗ್ತಿಲ್ಲ. ಹೀಗೇ ಆದರೆ ಪುರಸಭೆಗೆ ಬರೆದು ಅಂಗಡಿ ಮುಚ್ಚಿಸ್ತೀನಿ.”

“ಕತ್ತೀನ ದಿನಾ ಕುದಿಯೋ ನೀರಲ್ಲಿ ತೊಳೀತೀನಿ ಸ್ವಾಮಿ. ಹೊಸದು ಅಂದ್ರೆ ನೀವು ಮೊನ್ನೆ ತಂದುಕೊಟ್ಟ ಸೋಪು. ಅದರ ಸೆಂಟು ಕೆಲವರ ಚರ್ಮಕ್ಕೆ ಒಗ್ಗಲ್ಲ.”

“ನನ್ನ ಅಳಿಯ ಮಸ್ಕತ್ತಿನಿಂದ ತಂದ ಸೋಪಿಗೆ ಹೆಸರಿಡ್ತೀಯಾ? ಅದನ್ನೇ ಹಚ್ಚಬೇಕು!”

“ಅಪ್ಪಣೆ” ಎಂದ ಮಾದಯ್ಯ.

ಅಂದಿನಿಂದ ಅವನು ಆ ಸೋಪಿನ ಡಬ್ಬಿಯ ಮುಚ್ಚಳ ತೆಗೆದು ರಾಯರ ಮೂಗಿನ ಹತ್ತಿರವೇ ಇಡುತ್ತಿದ್ದ. ಅವರು ಕುರ್ಚಿಗೊರಗಿ ಕಣ್ಣು ಮುಚ್ಚಿದ ಮೇಲೆ, ವಾಸನೆಯೇ ಇಲ್ಲದ ತನ್ನ ಸೋಪಿನ ನೊರೆ ಹಚ್ಚುತ್ತಿದ್ದ. “ಆಹಾ, ಏನು ಘಮ!” ಎನ್ನುತ್ತಿದ್ದರು ರಾಯರು. ಹದಿನೈದು ದಿನಕ್ಕೆ ದದ್ದು ಮಾಯವಾಯಿತು.

ಮೂರು ತಿಂಗಳಾದ ಮೇಲೆ ರಾಯರು ಡಬ್ಬಿ ಎತ್ತಿ ಅಂಗಡಿಯಲ್ಲಿ ಕೂತವರಿಗೆಲ್ಲ ತೋರಿಸಿದರು.

“ನೋಡ್ರಪ್ಪಾ! ಇಷ್ಟು ದಿನ ಹಚ್ಚಿದರೂ ಒಂಚೂರೂ ಸವೆದಿಲ್ಲ. ನನ್ನ ಅಳಿಯ ತಂದದ್ದು ಅಂದ್ರೆ ಸುಮ್ನೇನಾ?”

ಮಾದಯ್ಯ ಕತ್ತಿ ಮಸೆಯುತ್ತಾ ಗಂಭೀರವಾಗಿ ಹೇಳಿದ: “ನಿಮ್ಮ ಮೊಮ್ಮಗನ ಗಡ್ಡಕ್ಕೂ ಇದೇ ಸಾಕು ಬಿಡಿ ಸ್ವಾಮಿ.”